ಗಾಳಿ ನಿಂತ ಮರುದಿನ

ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ ರಶ್ಮಿ ಗದಗಿನವಳು. ಒಮ್ಮೆಯೂ ಸಮುದ್ರಕ್ಕೆ ಕಾಲಿಟ್ಟವಳಲ್ಲ. ಆದರೂ ಹಲಸೂರಿನ ನಮ್ಮ ಓಣಿಯಲ್ಲಿ ಕೂತು, ಕರಾವಳಿಯಲ್ಲಿ ಮುಳುಗು ಕೆಲಸದವರು ಯಾವಾಗ ನೀರಿಗಿಳಿಯಬೇಕೆಂದು ಹೇಳುವವಳು ಅವಳೇ. ಮೊದಲ ಸಲ ಕೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. "ಅದಿರ್ಲಿ, ನಮ್ಮ ನಲ್ಲೀಲಿ ಕಾವೇರಿ ನೀರು ಯಾವಾಗ ಬರತ್ತೆ ಅಂತ ಹೇಳು ತಾಯಿ, ಪುಣ್ಯ ಬರತ್ತೆ" ಅಂದುಬಿಟ್ಟಿದ್ದೆ.

ಕೆಲಸ ಮಾತ್ರ ತಮಾಷೆಯದಲ್ಲ. ಉಬ್ಬರದಲ್ಲಿ ನೀರು ಒಂದು ಕಡೆ ಹರಿಯುತ್ತದೆ, ಇಳಿತದಲ್ಲಿ ಇನ್ನೊಂದು ಕಡೆ. ದಿಕ್ಕು ಬದಲಿಸುವ ನಡುವೆ ಸ್ವಲ್ಪ ಹೊತ್ತು ಸೆಳೆತ ಸತ್ತಂತಿರುತ್ತದೆ. ಸಮುದ್ರದ ತಳದ ಪೈಪು ರಿಪೇರಿ ಮಾಡುವವರು ಆ ಹೊತ್ತಿನಲ್ಲೇ ಇಳಿದು ಮೇಲೆ ಬರಬೇಕು. ಅದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತಿಳಿಸುವುದು ರಶ್ಮಿಯ ಕೆಲಸ.

ಹಾಗೆ ಇಳಿಯುವವರಲ್ಲಿ ಒಬ್ಬ ಶಫಿ. ಶಿವಾಜಿನಗರದವನು, ತಾಯಿ ಖುರ್ಷೀದಾಗೆ ಒಬ್ಬನೇ ಮಗ. ಅವನದೊಂದು ಹಟ. ಹೊತ್ತು ಎಷ್ಟೇ ಸರಿಯಾಗಿರಲಿ, ದೋಣಿಯವರು ಎಷ್ಟೇ ಅವಸರ ಮಾಡಲಿ, ರಶ್ಮಿಯ ದನಿಯನ್ನು ತನ್ನ ಕಿವಿಯಿಂದಲೇ ಕೇಳದೆ ಇಳಿಯುತ್ತಿರಲಿಲ್ಲ. ತಾಯಿಗೆ ಹಾಗೆಂದು ಮಾತು ಕೊಟ್ಟಿದ್ದನಂತೆ. ಮಹಡಿಯಿಂದ ಅವಳ ಗದಗಿನ ಮಾತು ನನ್ನ ಅಡುಗೆಮನೆಗೂ ಕೇಳುತ್ತಿತ್ತು. "ನೀರು ನಿಂತದ. ಇಳಿ ಶಫಿ." ಕೆಲಸ ಮುಗಿದ ಮೇಲೆ ಅವನು ಫೋನ್ ಮಾಡಿ, "ಬಂದ್ಬಿಟ್ಟೆ ಅಕ್ಕಾ" ಅನ್ನುವವರೆಗೆ ಇವಳು ಚಹಾ ಸಹ ಕುಡಿಯುತ್ತಿರಲಿಲ್ಲ.

ಸಂಜೆ ನಾವಿಬ್ಬರೂ ಹಲಸೂರು ಕೆರೆಯ ಸುತ್ತ ನಡೆಯುತ್ತಿದ್ದೆವು. ರಶ್ಮಿಗೆ ಕಣ್ಣಾರೆ ನೋಡಿ ಗೊತ್ತಿದ್ದ ದೊಡ್ಡ ನೀರೆಂದರೆ ಅದೊಂದೇ. ಗಾಳಿ ಬೀಸಿದರೆ ಕೆರೆಯ ತುಂಬ ಸುಕ್ಕು. ಗಾಳಿ ನಿಂತರೆ ನಾವು ಒಂದು ಸುತ್ತು ಮುಗಿಸುವಷ್ಟರಲ್ಲಿ ನೀರೂ ಮಲಗಿಬಿಡುತ್ತಿತ್ತು. ಅವಳು ಕಟಕಟೆಗೆ ಒರಗಿ ಅದನ್ನೇ ನೋಡುತ್ತಿದ್ದಳು.

ಮೇ ತಿಂಗಳ ಕೊನೆಯಲ್ಲಿ ಕರಾವಳಿಯಲ್ಲಿ ಮೂರು ದಿನ ಬಿಡದೆ ಗಾಳಿ ಬೀಸಿತು. ರಶ್ಮಿ ಮೂರೂ ದಿನ "ಬ್ಯಾಡ" ಅಂದಳು. ನಾಲ್ಕನೇ ಬೆಳಿಗ್ಗೆ ಗಾಳಿ ಬಿದ್ದುಹೋಯಿತು. ಅಲೆ ಅಳೆಯಲು ಸಮುದ್ರದಲ್ಲಿ ತೇಲಿಬಿಟ್ಟಿದ್ದ ಯಂತ್ರ ಮಾತ್ರ ಕೆಟ್ಟು ಕೂತಿತ್ತು. ಇವಳು ಕಂಪ್ಯೂಟರಿನಲ್ಲಿ ಆ ದಿನದ ಗಾಳಿ ಇಲ್ಲವೆಂದು ಹಾಕಿದಳು. ಗಾಳಿಯಿಲ್ಲದ ಮೇಲೆ ಉಳಿದದ್ದು ಉಬ್ಬರವಿಳಿತವೊಂದೇ ಎಂದುಕೊಂಡಳು. ನಮ್ಮ ಕೆರೆ ಅವಳಿಗೆ ಕಲಿಸಿದ್ದು ಅಷ್ಟೇ.

ಹತ್ತೂವರೆಗೆ ಶಫಿಯ ಫೋನ್ ಬಂತು. "ಅಕ್ಕಾ, ಮೇಲೆ ಎಲ್ಲಾ ಕ್ಲಿಯರ್ ಕಾಣ್ತಿದೆ. ಇಳೀಲಾ?"

"ನೀರು ನಿಂತದ. ಇಳಿ ಶಫಿ."

ನಾನು ಸೊಪ್ಪು ಬಿಡಿಸುತ್ತಿದ್ದೆ. ಬೇಳೆ ಬೆಂದಿತು, ಅನ್ನವೂ ಆಯಿತು, ಮೇಲಿಂದ ಮಾತಿಲ್ಲ. ಹೋಗಿ ನೋಡಿದರೆ ರಶ್ಮಿ ಫೋನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು. ಕೊನೆಗೆ ಫೋನ್ ಬಂದಾಗ ಮಾತಾಡಿದ್ದು ಶಫಿಯಲ್ಲ, ದೋಣಿಯ ಸೂಪರ್‌ವೈಸರ್ ಭೀಮಾಶಂಕರ.

"ಮೇಡಂ, ನೀರು ನಿಂತೇ ಇಲ್ಲ ರೀ! ಕೆಳಗೆ ಒಂದೇ ಸಮ ಎಳೀತಿತ್ತು. ಮೇಲೆ ನುಣುಪಾಗಿ ಕಂಡ್ರೂ ದೂರದಿಂದ ಉದ್ದುದ್ದ ಅಲೆ ಬರ್ತಾ ಇದ್ವು, ತಳದ ಕೆಸರೆಲ್ಲ ಎದ್ದಿತ್ತು. ಅವನ ಕೈ ಅವನಿಗೇ ಕಂಡಿರಲ್ಲ. ಎತ್ಕೊಂಡೋಗಿ ಪೈಪಿಗೆ ಹೊಡೆದಿದೆ, ತಲೆಗೆ ಪೆಟ್ಟು. ಹಗ್ಗ ಹಿಡಿದು ಎಳ್ಕೊಂಡ್ವಿ. ಉಸಿರಿದೆ. ಎಚ್ಚರ ಇಲ್ಲ."

ರಶ್ಮಿ ಕಂಪ್ಯೂಟರಿನ ಮುಂದೆ ಹೋಗಿ ಕೂತಳು. ಮೂರು ದಿನ ಗಾಳಿಯಿಂದ ದೂಡಿಸಿಕೊಂಡ ಸಮುದ್ರ, ದೂಡುವುದು ನಿಂತ ಕೂಡಲೇ ನಿಲ್ಲುವುದಿಲ್ಲ. ಆಮೇಲೆ ಅವಳೇ ಇದನ್ನು ನನಗೆ ಬಿಡಿಸಿ ಹೇಳಿದಳು, ಒಂದಲ್ಲ, ಹತ್ತಾರು ಸಲ. "ಪುಸ್ತಕದಾಗ ಓದಿದ್ದೆ ಆಂಟಿ, ಓದಿದ್ದೆ" ಎಂದು ತಲೆ ಚಚ್ಚಿಕೊಂಡಳು. ನಾನು ಸುಡುಗಾಡು ಸಮುದ್ರ ಎಂದು ಬೈದೆ, ಅಷ್ಟೇ.

ಶಫಿಯನ್ನು ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕರೆತಂದು ಶಿವಾಜಿನಗರದ ಹತ್ತಿರದ ಆಸ್ಪತ್ರೆಗೆ ಸೇರಿಸಿದರು. ರಶ್ಮಿ ಅತ್ತ ಹೋಗಲಿಲ್ಲ, ಧೈರ್ಯವಿರಲಿಲ್ಲ. ಅನ್ನ ಬಿಟ್ಟಳು. ಒಂದು ವಾರ ಕಳೆದ ಮೇಲೆ, ಬೆಳಿಗ್ಗೆ ಖುರ್ಷೀದಾ ನಮ್ಮ ಗೇಟಿನ ಮುಂದೆ ಆಟೋ ಇಳಿದರು. ನಾನು ಸೆರಗು ಸಿಕ್ಕಿಸಿ ಬಾಗಿಲಿಗೆ ಅಡ್ಡ ನಿಂತೆ. ಆ ಹುಡುಗಿ ಮೊದಲೇ ಅರ್ಧ ಸತ್ತಿದ್ದಾಳೆ, ಇವರು ಬಾಯಿ ಮಾಡಿದರೆ ನಾನೂ ಸುಮ್ಮನಿರುವವಳಲ್ಲ ಎಂದು ಸಿದ್ಧಳಾಗಿದ್ದೆ.

ಅವರು ಬಾಯಿ ಮಾಡಲಿಲ್ಲ. ನನ್ನನ್ನು ದಾಟಿ ಮೆಟ್ಟಿಲು ಹತ್ತಿ ಹೋಗಿ ರಶ್ಮಿಯ ಮುಂದೆ ಕೂತರು. ರಶ್ಮಿ ಅವರ ಕಾಲು ಹಿಡಿದುಕೊಂಡಳು. "ಅಮ್ಮಾ, ನಾನೇ ಇಳಿ ಅಂದೆ. ನಂದೇ ತಪ್ಪು."

"ಗೊತ್ತು ಬೇಟಿ" ಅಂದರು ಖುರ್ಷೀದಾ. "ಕೋಪ ಇಲ್ಲ ಅಂತ ಸುಳ್ಳು ಹೇಳಲ್ಲ. ಹೊಟ್ಟೆ ಉರೀತಾ ಇದೆ. ಆದ್ರೆ ಡಾಕ್ಟ್ರು, ಅವನ ಹತ್ರ ಮಾತಾಡ್ತಾ ಇರಿ, ಗೊತ್ತಿರೋ ದನಿ ಕೇಳಿಸಿ ಅಂತಾರೆ. ನಾನು ಕರೆದೂ ಕರೆದೂ ಗಂಟಲು ಹೋಯ್ತು. ನನ್ನ ಮಾತಿಗೆ ಅವನು ಯಾವತ್ತು ಎದ್ದಿದಾನೆ? ನೀರಿನ ವಿಷಯದಲ್ಲಿ ನಿನ್ನ ಮಾತೊಂದೇ ಕೇಳೋದು. ನೀನು ಇಳಿ ಅಂದೆ, ಇಳಿದ. ಈಗ ಬಂದು ಮೇಲೆ ಬಾ ಅನ್ನು."

ಅದೇ ಆಟೋದಲ್ಲಿ ಮೂವರೂ ಹೋದೆವು. ಶಫಿಯ ಮುಖ ಊದಿಕೊಂಡಿತ್ತು. ರಶ್ಮಿ ಅವನ ಕಿವಿಯ ಹತ್ತಿರ ಬಗ್ಗಿದಳು. ಖುರ್ಷೀದಾ ಅವಳ ಬೆನ್ನ ಮೇಲೆ ಕೈಯಿಟ್ಟರು.

"ಶಫಿ, ನಾ ರಶ್ಮಿ. ಸಾಕು. ಮ್ಯಾಲ ಬಾ."

ಅವನು ಕದಲಲಿಲ್ಲ. ಈಗ ಅವಳು ದಿನವೂ ಹೋಗುತ್ತಾಳೆ, ಕೂತು ಅದನ್ನೇ ಹೇಳುತ್ತಾಳೆ. ಮನೆಗೆ ಬಂದರೆ ನಾನು ಚಹಾ ಮಾಡಿಕೊಡುತ್ತೇನೆ. ಕುಡಿಯುವುದಿಲ್ಲ.