ಗೇಟು ಹಾಕಿದ್ದ ಮಧ್ಯಾಹ್ನ

ಗ್ರೀನ್‌ಫರ್ಡ್ ಸ್ಟೇಷನ್ನಿನಲ್ಲಿ ನೆಲದಡಿಯಿಂದ ಬರುವ ಉದ್ದುದ್ದ ಟ್ಯೂಬ್ ರೈಲುಗಳ ಮಧ್ಯೆ ಒಂದು ಪುಟಾಣಿ ಗಾಡಿ ಬಂದು ನಿಲ್ಲುತ್ತದೆ. ಎರಡೇ ಬೋಗಿ. ಪಕ್ಕದ ಊರಿಗೆ ಹೋಗಿ ಬರುವುದಷ್ಟೇ ಅದರ ಕೆಲಸ. ಮೊನ್ನೆ ಗೆಳತಿ ಜಯಮ್ಮನ ಮನೆಗೆಂದು ಮೈಸೂರುಪಾಕಿನ ಡಬ್ಬಿ ಹಿಡಿದು ಅದಕ್ಕಾಗಿ ನಿಂತಿದ್ದೆ. ಸಣ್ಣಗೆ ಮಳೆ ಜಿನುಗುತ್ತಿತ್ತು. ಗಾಡಿ ಬಂದು ಬ್ರೇಕು ಕಚ್ಚಿ ನಿಂತಾಗ ಅದರ ಅಡಿಯಿಂದ ಒಂದು ವಾಸನೆ ಎದ್ದಿತು. ಕಾಯ್ದ ಕಬ್ಬಿಣದ್ದು, ಸುಟ್ಟ ಎಣ್ಣೆಯದ್ದು, ಬಿಸಿ ಗಾಲಿಯ ಮೇಲೆ ಹನಿ ಬಿದ್ದು ಏಳುವ ಹಬೆಯದ್ದು. ಬಾಗಿಲು ತೆರೆಯಿತು, ಮುಚ್ಚಿತು, ಗಾಡಿ ಹೊರಟೇಹೋಯಿತು. ನಾನು ಡಬ್ಬಿ ಎದೆಗೊತ್ತಿಕೊಂಡು ಅಲ್ಲೇ ನಿಂತಿದ್ದೆ. ಅಷ್ಟು ಸಂತೋಷದ ದಿನ ಕಣ್ಣಲ್ಲಿ ನೀರು ಯಾಕೆ ಬರಬೇಕು ಹೇಳಿ?

ಸಂತೋಷವೆಂದರೆ ಅಂತಿಂಥದ್ದಲ್ಲ. ನಾನು ಅಜ್ಜಿಯಾಗಿದ್ದೇನೆ! ಆಸ್ಟ್ರೇಲಿಯಾದಲ್ಲಿರುವ ಮಗಳು ಶೋಭಳಿಗೆ ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಹೆಣ್ಣುಮಗು ಹುಟ್ಟಿದೆ. ನಾನು ಇಲ್ಲಿ, ಇಂಗ್ಲಿಷರ ದೇಶದಲ್ಲಿ, ಮಗನ ಮನೆಯಲ್ಲಿದ್ದೇನೆ. ಅವನಿಗೆ ಗ್ರೀನ್‌ಫರ್ಡಿನ ಗೋಡೌನಿನಲ್ಲಿ ಕೆಲಸ. ಸುದ್ದಿ ಬಂದಾಗಿನಿಂದ ನನ್ನ ಬಾಯಿಗೆ ಬೀಗವಿಲ್ಲ. ಔಷಧಿ ಅಂಗಡಿಯ ಹುಡುಗಿಗೆ ಹೇಳಿದೆ, ಪಕ್ಕದ ಮನೆಯ ಬಿಳಿ ಯಜಮಾನರಿಗೆ ಹೇಳಿದೆ, ಟಿಕೆಟ್ ಗೇಟಿನ ಬಳಿ ನಿಲ್ಲುವ ಪಂಜಾಬಿಯವರ ಬಾಯಿಗೆ ಒಂದು ತುಂಡು ತುರುಕಿಯೇ ಹೇಳಿದೆ. ಫೋನಿನಲ್ಲಿ ಮಗುವಿನ ಮುಖ ನೋಡಿ ನೋಡಿ ತೃಪ್ತಿಯಿಲ್ಲ. ಬದನೆಯ ಹೀಚಿನಂತೆ ನುಣುಪಾದ ತಲೆ, ಮುಷ್ಟಿ ಕಟ್ಟಿದ ಕೈ, ಆಕಳಿಸುವಾಗ ಇಡೀ ಮುಖವೇ ಬಾಯಿ! ಆದರೆ ಶೋಭ ನಿನ್ನೆ ಒಂದು ಮಾತು ಕೇಳಿದಳು. "ಅಮ್ಮಾ, ಅವತ್ತು ಫೋನಲ್ಲಿ ಯಾಕೆ ಹಾಗೆ ಕಿರುಚಿದೆ? ನೀನು ಯಾವತ್ತೂ ಹಾಗೆ ಮಾಡಿದವಳಲ್ಲ." ಅವಳಿಗೆ ಉತ್ತರ ಕೊಡಬೇಕಾದರೆ ನಾನು ಹುಟ್ಟಿ ಬೆಳೆದ ಮನೆಯನ್ನು ಹೇಳಬೇಕು. ಆ ಮನೆ ಈಗಿಲ್ಲ. ಓದಿದ್ದು ಮೂರನೇ ಕ್ಲಾಸು, ಆದರೂ ಕೈಲಾದಂತೆ ಬರೆಯುತ್ತಿದ್ದೇನೆ. ಹಾಗೆ ಇಲ್ಲವಾದ ಮನೆ ನಿಮಗೂ ಒಂದಿರುತ್ತದೆ, ನೀವೂ ಕೇಳಿ.

ನಮ್ಮಪ್ಪ ಗೇಟ್‌ಮನ್. ಕೋಲಾರದ ಕಡೆಯ ಬಯಲಿನಲ್ಲಿ, ಎರಡೂ ಕಡೆ ಕಡಲೆಕಾಯಿ ಹೊಲ, ನಡುವೆ ಸಣ್ಣ ಹಳಿ, ಹಳಿಯನ್ನು ಅಡ್ಡ ಹಾಯುವ ಮಣ್ಣಿನ ರಸ್ತೆ. ಆ ರಸ್ತೆಗೆ ಗೇಟು, ಗೇಟಿಗೆ ಅಪ್ಪ, ಅಪ್ಪನಿಗೆ ಒಂದು ಕಲ್ಲುಚಪ್ಪಡಿಯ ಮನೆ. ಒಂದೇ ಕೋಣೆ, ಮುಂದೆ ಒಂದು ಹೊಂಗೆ ಮರ. ಗಾಡಿ ಇನ್ನೂ ದೂರದ ಹಳ್ಳದ ಸೇತುವೆಯ ಹತ್ತಿರ ಇರುವಾಗಲೇ ಗೂಡಿನಲ್ಲಿಟ್ಟ ಪಾತ್ರೆಗಳು ತಮ್ಮತಮ್ಮಲ್ಲೇ ಪಿಸುಗುಟ್ಟಲು ಶುರುಮಾಡುತ್ತಿದ್ದವು. ಆಗ ಅಮ್ಮ ಮುದ್ದೆಗೆ ಎಸರಿಟ್ಟು ಹೊರಗೋಡಿ, ಒಣಹಾಕಿದ ಬಟ್ಟೆಯನ್ನೆಲ್ಲ ಬಾಚಿ ತಂದು, ಗಾಡಿ ಹೋದ ಮೇಲೆ ಮತ್ತೆ ಹರಡುತ್ತಿದ್ದಳು. ಇಂಜಿನ್ನಿನ ಕಿಡಿ ಬಿದ್ದು ಅವಳ ಮದುವೆ ಸೀರೆಗೆ ತೂತಾಗಿತ್ತಂತೆ. ಆ ತೂತಿಗೆ ಕಸೂತಿಯ ಹೂವು ಹಾಕಿಕೊಂಡು ಅದನ್ನೇ ಹಬ್ಬಕ್ಕೆ ಉಡುತ್ತಿದ್ದಳು. ಕಲ್ಲಿದ್ದಲ ಹೊಗೆ ಅಮ್ಮನ ಕೂದಲಲ್ಲಿ, ನಮ್ಮ ಕಂಬಳಿಯಲ್ಲಿ, ಉಪ್ಪಿನಕಾಯಿ ಜಾಡಿಯ ಬಟ್ಟೆಯಲ್ಲಿ ಸದಾ ಇರುತ್ತಿತ್ತು. ನನಗೆ ಅದೇ ತಾಯಿಯ ವಾಸನೆ.

ನಮ್ಮ ಗೇಟಿಗೆ ಸುತ್ತಿನ ಹಳ್ಳಿಗಳಲ್ಲಿ ಬಲು ಹೆಸರು. ಯಾಕೆಂದರೆ ಬಾಣಂತಿಯರ ನೀರು ಅಲ್ಲೇ ಸಿಗುತ್ತಿತ್ತು. ನಮ್ಮದು ಸೌದೆಗೂ ಬರ, ನೀರಿಗೂ ಬರದ ಸೀಮೆ. ಬಾಣಂತಿಗೆ ಕೊಡಗಟ್ಟಲೆ ಸುಡುಸುಡು ನೀರು ಹೊಯ್ಯದಿದ್ದರೆ ಮೈಗಟ್ಟುವುದಿಲ್ಲ ಎನ್ನುವ ಕಾಲ. ಊರಲ್ಲಿ ಯಾರಿಗಾದರೂ ಹೆರಿಗೆಯಾಯಿತೆಂದರೆ ಆ ಮನೆಯ ಹೆಂಗಸರು ಬಿಂದಿಗೆ ಹೊತ್ತು ಗೇಟಿಗೆ ಬರುತ್ತಿದ್ದರು. ಅಪ್ಪ ಕೆಂಪು ಬಾವುಟ ಹಿಡಿದರೆ ಡ್ರೈವರ್ ಮಸ್ತಾನ್ ಸಾಹೇಬರು ಗಾಡಿ ನಿಲ್ಲಿಸಿ, ಹಬೆ ಇಂಜಿನ್ನಿನ ಪಕ್ಕದ ಕೊಳವೆಯಿಂದ ಕುದಿಯುವ ನೀರು ಬಿಟ್ಟು ಬಿಂದಿಗೆ ತುಂಬಿಸಿ ಕೊಡುತ್ತಿದ್ದರು. ಗಾಡಿಯೊಳಗಿನ ಜನ ಗೊಣಗಿದರೆ, "ಏನ್ರೀ ಅವಸರ? ನಿಮ್ಮಮ್ಮಂಗೂ ಯಾರೋ ನೀರು ಹುಯ್ದಿದ್ದಕ್ಕೇ ನೀವು ಇಲ್ಲಿ ಕುಂತಿರೋದು" ಎಂದು ಗದರುತ್ತಿದ್ದರು. ಹೆರಿಗೆ ಕಷ್ಟವಾದವರನ್ನೂ ಅದೇ ಗಾಡಿ ಹೊತ್ತುಕೊಂಡು ಹೋಗುತ್ತಿತ್ತು. ತಾಲ್ಲೂಕು ಆಸ್ಪತ್ರೆಯ ಹಿಂಬದಿ ಗೋಡೆಗೆ ತಾಗಿಕೊಂಡೇ ಹಳಿ. ಮಸ್ತಾನ್ ಸಾಹೇಬರು ಅಲ್ಲಿ ನಿಲ್ಲಿಸಿ ಇಳಿಸುತ್ತಿದ್ದರು. ಬರೆದಿಟ್ಟ ಕಾನೂನಿನಲ್ಲಿ ಇದೆಲ್ಲ ಇರಲಿಲ್ಲ. ಆದರೆ ನಡೆಯುತ್ತಿತ್ತು, ಎಷ್ಟು ಕಾಲದಿಂದಲೋ ನಡೆಯುತ್ತಿತ್ತು. ನಾನೂ ಆ ಗಾಡಿಯ ದಯೆಯಿಂದಲೇ ಆಸ್ಪತ್ರೆಯಲ್ಲಿ ಹುಟ್ಟಿದವಳು.

ಅಮ್ಮ ಮತ್ತೆ ಬಸುರಿಯಾದ ವರ್ಷ ಗಾಡಿ ನಿಂತುಹೋಯಿತು. ಹಳಿ ರಿಪೇರಿ, ಸದ್ಯಕ್ಕೆ ಇಲ್ಲ ಎಂದರು. ಸದ್ಯಕ್ಕೆ ಅಂದರೆ ಯಾವಾಗಿನವರೆಗೆ ಎಂದು ಯಾರೂ ಹೇಳಲಿಲ್ಲ. ರಿಪೇರಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಹಳಿಯ ಮೇಲೆ ತುಕ್ಕು ಬಂತು, ಮಧ್ಯೆ ಎಕ್ಕ ಬೆಳೆಯಿತು. ಆದರೆ ಅಪ್ಪನ ಕೆಲಸ ನಿಂತಿರಲಿಲ್ಲವಲ್ಲ! ಗಾಡಿಯ ಹೊತ್ತಿಗೆ ಸರಿಯಾಗಿ ಖಾಕಿ ಅಂಗಿ ತೊಟ್ಟು, ಗೇಟು ಹಾಕಿ, ಬಾವುಟ ಹಿಡಿದು ನಿಲ್ಲುತ್ತಿದ್ದ. ಸ್ವಲ್ಪ ಹೊತ್ತು ನಿಂತು ತೆಗೆಯುತ್ತಿದ್ದ. ದನ ಹೊಡೆದುಕೊಂಡು ಹೋಗುವವರು ನಗುತ್ತಿದ್ದರು. "ಅಣ್ಣೋ, ಗಾಳಿಗೆ ದಾರಿ ಬುಡ್ತಿದ್ದೀಯಾ?" ಅಪ್ಪನೂ ನಗುತ್ತಿದ್ದ. "ನಕ್ಕೊಳ್ರಪ್ಪ, ನಾಳೆ ಗಾಡಿ ಬಂದಾಗ ನಿಮ್ಮ ಎಮ್ಮೆ ಕಾಯೋನೂ ನಾನೇ." ಅಮ್ಮ ಮಾತ್ರ ನಗುತ್ತಿರಲಿಲ್ಲ. ದಿನ ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಹೊಂಗೆಯ ಕೆಳಗೆ ಕುಳಿತು, ಸೇತುವೆಯ ಕಡೆಯೇ ನೋಡುತ್ತಿದ್ದಳು.

ನೋವು ಬಂದದ್ದು ಒಂದು ಬೆಳಿಗ್ಗೆ. ಸೂಲಗಿತ್ತಿ ಗಂಗಜ್ಜಿ ಒಳಗೆ ಹೋದವಳು ಬಹಳ ಹೊತ್ತಿನ ಮೇಲೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಮಗ ಅಡ್ಡ ಬಿದ್ದೈತೆ ಕಣಪ್ಪ. ನನ್ನ ಕೈಲಾಗಾಕಿಲ್ಲ. ಆಸ್ಪತ್ರೆಗೆ ಕರ್ಕೊಂಡೋಗು." ಅಪ್ಪ ಏನು ಮಾಡುವುದೆಂದು ತೋಚದೆ ನಿಂತಿದ್ದಾಗಲೇ ಗೇಟಿನ ಫೋನು ಬಡಿದುಕೊಂಡಿತು. ಎಷ್ಟೋ ತಿಂಗಳಿಂದ ಸತ್ತಂತಿದ್ದ ಫೋನು! ಖಾಲಿ ವ್ಯಾಗನ್ನು ಎಳೆದುಕೊಂಡು ಹೋಗಲು ಒಂದು ಇಂಜಿನ್ನು ಹೊರಟಿದೆ, ಗೇಟು ಹಾಕು ಎಂದರಂತೆ ಸ್ಟೇಷನ್ ಮಾಸ್ಟರು. ಅಪ್ಪ ಓಡಿ ಬಂದು ಬಾಗಿಲಲ್ಲೇ ನಿಂತು ಕೂಗಿದ. "ಲೇ, ಹೆದರಬ್ಯಾಡ! ಇಂಜಿನ್ನು ಬತ್ತಾ ಐತೆ! ನಿನಗೇ ಅಂತ ಬತ್ತಾ ಐತೆ!" ಅಮ್ಮ ಆ ನೋವಿನಲ್ಲೂ ನಕ್ಕಳು. ಅದನ್ನು ನಾನು ಕಂಡೆ. ಅಪ್ಪ ಗೇಟು ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ.

ಸ್ವಲ್ಪ ಹೊತ್ತಿಗೆ ಕಡಲೆಕಾಯಿ ತುಂಬಿದ ಲಾರಿಯೊಂದು ಗೇಟಿನ ಮುಂದೆ ಬಂದು ನಿಂತಿತು. ತಾಲ್ಲೂಕಿನ ಕಡೆಗೇ ಹೋಗುವ ಲಾರಿ. ಅದರ ಡ್ರೈವರು ಹಾರನ್ನು ಹೊಡೆದ, ಬೈದ, ಕೊನೆಗೆ ಒಳಗಿನ ನರಳಾಟ ಕೇಳಿ ಸುಮ್ಮನಾದ. "ಯಜಮಾನ್ರೇ, ಚೀಲ ಸರಿಸಿ ಜಾಗ ಮಾಡ್ತೀನಿ. ಗೇಟು ತೆಗೀರಿ, ಮಲಗಿಸ್ಕೊಂಡು ಹೋಗೋಣ" ಎಂದ. ಗಂಗಜ್ಜಿಯೂ ಅಪ್ಪನ ಕೈ ಹಿಡಿದಳು. ಅಪ್ಪ ಹೇಳಿದ, "ಇಂಜಿನ್ನು ಹೊರಟ ಮ್ಯಾಲೆ ಗೇಟು ತೆಗೆಯಂಗಿಲ್ಲ ಕಣಮ್ಮ. ಲಾರಿ ಈ ರಸ್ತೇಲಿ ಕುಲುಕ್ತದೆ, ಅವಳು ತಡೆಯಾಕಿಲ್ಲ. ಇಂಜಿನ್ನಾದ್ರೆ ಆಸ್ಪತ್ರೆ ಬಾಗಿಲಿಗೇ ಇಳಿಸ್ತದೆ." ಅದರಲ್ಲಿ ತಪ್ಪೇನಿತ್ತು ಹೇಳಿ? ಅವನು ಹುಟ್ಟಿದಾಗಿನಿಂದ ಕಂಡದ್ದು ಅದನ್ನೇ. ಲಾರಿಯವನು ಬೀಡಿ ಹಚ್ಚಿದ, ಸೇದಿ ಮುಗಿಸಿದ, ಇನ್ನೊಂದು ಹಚ್ಚಿದ. "ನಿಮ್ಮ ಇಂಜಿನ್ನು ಏನು ಸ್ವರ್ಗದಿಂದ ಬರಬೇಕಾ ಯಜಮಾನ್ರೇ?" ಎಂದ. ಅಪ್ಪ ಹಳಿಗೆ ಕಿವಿಯಿಟ್ಟು ಕೇಳುತ್ತಿದ್ದ. "ಬತ್ತದೆ" ಎಂದ. ಲಾರಿಯವನು ತಲೆಯಲ್ಲಾಡಿಸಿ, ಗಾಡಿ ಹಿಂದೆ ತಿರುಗಿಸಿಕೊಂಡು, ಕೆರೆ ಸುತ್ತಿನ ದಾರಿ ಹಿಡಿದು ಹೋದ. ಕೆಂಪು ಧೂಳು ತುಂಬಾ ಹೊತ್ತು ಗಾಳಿಯಲ್ಲೇ ಇತ್ತು.

ಬಿಸಿಲು ಇಳಿಯುತ್ತಾ ಬಂದಂತೆ ಒಳಗಿನ ನರಳಾಟವೂ ಇಳಿಯಿತು. ನಾನು ಬಾಗಿಲ ಬಳಿ ಕುಳಿತು ಗೂಡಿನ ಪಾತ್ರೆಗಳನ್ನೇ ನೋಡುತ್ತಿದ್ದೆ. ಅವು ಅಲುಗಲಿಲ್ಲ. ಫೋನು ಮತ್ತೆ ಬಡಿದುಕೊಳ್ಳುವ ಹೊತ್ತಿಗೆ ಗಂಗಜ್ಜಿ ಅಮ್ಮನ ಕಣ್ಣು ಮುಚ್ಚಿಯಾಗಿತ್ತು. ಹೊಟ್ಟೆಯಲ್ಲಿದ್ದದ್ದೂ ಹೊಟ್ಟೆಯಲ್ಲೇ ಹೋಯಿತು. ಇಂಜಿನ್ನು ದಾರಿಯಲ್ಲೇ ಕೆಟ್ಟು ವಾಪಸ್ಸು ಹೋಗಿದೆ, ಗೇಟು ತೆಗಿ ಎಂದರು ಫೋನಿನಲ್ಲಿ. ಅಪ್ಪ ಹೋಗಿ, ಸೊಂಟದಿಂದ ಬೀಗದ ಕೈ ತೆಗೆದು, ಗೇಟು ತೆಗೆದ. ರಸ್ತೆಯಲ್ಲಿ ಯಾರೂ ಇರಲಿಲ್ಲ. ಆ ಕಡೆಯದನ್ನೂ ತೆಗೆದು, ಅದಕ್ಕೆ ಒರಗಿ, ಅಲ್ಲೇ ಕುಸಿದ.

ಆ ಗಾಡಿ ಮತ್ತೆ ಬರಲೇ ಇಲ್ಲ. ಹಳಿ ಕಿತ್ತರು, ಮನೆ ಬಿಡಿಸಿದರು, ಕಲ್ಲುಚಪ್ಪಡಿಯನ್ನು ಯಾರೋ ಹೊತ್ತೊಯ್ದರು. ನಾನು ಸ್ಕೂಲು ಬಿಟ್ಟು ಚಿಕ್ಕಪ್ಪನ ಮನೆಯಲ್ಲಿ ಮುದ್ದೆ ತೊಳಸಲು ನಿಂತೆ. ಅಪ್ಪ ಇನ್ನೂ ಬಹಳ ಕಾಲ ಬದುಕಿದ್ದ. ಆದರೆ ಆಮೇಲೆ ಅವನು ಯಾವ ಬಸ್ಸಿಗೂ ಕಾಯಲಿಲ್ಲ. ಸಂತೆಗಾಗಲಿ, ಸಾವಿಗಾಗಲಿ, ನನ್ನ ಮದುವೆಯ ಛತ್ರಕ್ಕಾಗಲಿ, ಎಷ್ಟು ದೂರವಿದ್ದರೂ ನಡೆದೇ ಬಂದ. ಯಾಕಪ್ಪ ಎಂದರೆ, "ಕಾಲೈತಲ್ಲ" ಎನ್ನುತ್ತಿದ್ದ, ಅಷ್ಟೇ. ನಾನು ಅವನ ಮೇಲೆ ಒಂದು ದಿನವೂ ಕೋಪ ಮಾಡಿಕೊಂಡವಳಲ್ಲ.

ಈಗ ಶೋಭಳ ಊರು ಕೇಳಿ. ಸಿಡ್ನಿಯಿಂದ ಎಷ್ಟೋ ದೂರ ಒಳಗೆ, ಗೋಧಿ ಹೊಲಗಳ ನಡುವೆ. ಮುದುಕರ ಆಶ್ರಮದಲ್ಲಿ ಅವಳಿಗೆ ಕೆಲಸ, ಗಂಡ ಪ್ರಸನ್ನನಿಗೆ ಗೋಧಿ ಲಾರಿ ಓಡಿಸುವ ಕೆಲಸ. ಅಲ್ಲೂ ಹಳಿಯಿದೆ, ಆದರೆ ಜನ ಹೋಗುವ ರೈಲು ನಿಂತು ತಲೆಮಾರೇ ಕಳೆಯಿತಂತೆ. ಸುಗ್ಗಿಯಲ್ಲಿ ಗೋಧಿ ಮಾತ್ರ ರೈಲಿನಲ್ಲಿ ಹೋಗುತ್ತದೆ, ಮನುಷ್ಯರು ಹೋಗುವಂತಿಲ್ಲ. ಸ್ಟೇಷನ್ನು ಕಾಫಿ ಅಂಗಡಿಯಾಗಿದೆ. ಅದರ ಮುಂದೆ ವಾರದಲ್ಲಿ ಕೆಲವು ದಿನ ಒಂದು ಬಸ್ಸು ಬರುತ್ತದೆ, ಬಂದರೆ. ಊರಿನ ಹೆರಿಗೆ ವಾರ್ಡನ್ನೂ ಮುಚ್ಚಿದ್ದಾರೆ. ಅಷ್ಟು ದೊಡ್ಡ ದೇಶ, ಅಷ್ಟು ದುಡ್ಡಿನ ದೇಶ! ಮೊದಲ ಸಲ ಇದನ್ನು ಕೇಳಿದಾಗ ನಾನು ಪಾತ್ರೆ ತೊಳೆಯುವ ನೆಪ ಮಾಡಿ ಅಡುಗೆಮನೆಗೆ ಹೋಗಿದ್ದೆ.

ಶೋಭಳಿಗೆ ಹೆರಿಗೆಯಾದ ದಿನ ನನಗೆ ಬೆಳಗಿನ ಕಾಫಿ, ಅವಳಿಗೆ ಸಂಜೆ. ಫೋನಿನಲ್ಲಿ ಅವಳ ಮುಖ ಬೆವರಿತ್ತು. ದಿನ ತುಂಬುವ ಮೊದಲೇ ನೋವು. ಪ್ರಸನ್ನ ಲಾರಿ ತೆಗೆದುಕೊಂಡು ಬಲು ದೂರ ಹೋಗಿದ್ದ. ಆಂಬುಲೆನ್ಸು ಇನ್ಯಾವುದೋ ಊರಿಗೆ ಹೋಗಿದೆ, ಬರುವುದು ತಡ ಎಂದಿದ್ದರು.

"ಬಸ್ ಸ್ಟಾಪಿಗೆ ಬಂದಿದೀನಿ ಅಮ್ಮ. ದೊಡ್ಡ ಹಾಸ್ಪಿಟಲ್ ಮುಂದೇನೇ ಹೋಗುತ್ತೆ ಬಸ್ಸು."

"ಬಂತಾ?"

"ಲೇಟು. ಆ್ಯಪಲ್ಲಿ ಬರ್ತಿದೆ ಅಂತಾನೇ ತೋರಿಸ್ತಿದೆ. ಪಕ್ಕದಲ್ಲಿ ಒಬ್ಬರು ಬಾ ಕಾರಲ್ಲಿ ಬಿಡ್ತೀನಿ ಅಂದ್ರು, ಪಾಪ ಅವರಿಗ್ಯಾಕೆ ತೊಂದರೆ ಅಂತ ಬೇಡ ಅಂದೆ. ಬಸ್ ಬರುತ್ತಲ್ಲ."

"ಕಾಯಬೇಡ್ವೇ!" ಎಂದು ಕಿರುಚಿದೆ. "ಆ ಕಾರಿನವರನ್ನ ಕರಿಯೇ! ಬರಲ್ಲ ಕಣೇ ಅದು, ಬರಲ್ಲ! ಓಡು, ಕೈ ಅಡ್ಡ ಹಾಕು, ಕಾಲು ಹಿಡಿ!" ಮಗ ಮೇಲಿನಿಂದ ಗಾಬರಿಯಾಗಿ ಇಳಿದು ಬಂದ. ಶೋಭ "ಅಮ್ಮ, ಪ್ಲೀಸ್, ಜನ ನೋಡ್ತಿದಾರೆ" ಎನ್ನುತ್ತಲೇ ಎದ್ದಳು. ಫೋನಿನಲ್ಲಿ ಆಕಾಶ ಕಂಡಿತು, ನೆಲ ಕಂಡಿತು, ಆಮೇಲೆ ಒಬ್ಬ ಬಿಳಿಯ ಮುದುಕಿಯ ಟೋಪಿ ಕಂಡಿತು. ಅವಳ ಕಾರಿನ ಹಿಂಬದಿಯಲ್ಲಿ ಕುರಿಗಳು ಅರಚುತ್ತಿದ್ದವು. ಇಷ್ಟು ಕುರಿಗಳ ಹೆರಿಗೆ ಮಾಡಿಸಿದ್ದೇನೆ, ನಿನ್ನದೇನು ದೊಡ್ಡದು, ಕಾರು ಹತ್ತು ಎಂದಳಂತೆ ಆ ಪುಣ್ಯಾತಗಿತ್ತಿ. ಇವರು ಆಸ್ಪತ್ರೆ ಮುಟ್ಟಿದಾಗ ಮಗು ಅಡ್ಡ ತಿರುಗಿತ್ತು. ಕೂಡಲೇ ಆಪರೇಷನ್ ಮಾಡಿ ತೆಗೆದರು. ಇನ್ನೂ ತಡವಾಗಿದ್ದರೆ ಎಂದು ಡಾಕ್ಟರಮ್ಮ ಮಾತು ಶುರುಮಾಡಿ ಮುಗಿಸಲಿಲ್ಲವಂತೆ. ಬಸ್ಸು ಅವತ್ತು ಬರಲಿಲ್ಲ. ಡ್ರೈವರು ಸಿಕ್ಕಲಿಲ್ಲವಂತೆ.

ನಿನ್ನೆ ಪ್ರಸನ್ನ ಶೋಭಳನ್ನೂ ಮಗುವನ್ನೂ ಕಾರಿನಲ್ಲಿ ಮನೆಗೆ ಕರೆತಂದ. ಸ್ಟೇಷನ್ನಿನ ಮುಂದೆ ಹಾಯುವಾಗ ಬಿಸಿಲಲ್ಲಿ ವಯಸ್ಸಾದ ಗಂಡ ಹೆಂಡತಿ ಪೆಟ್ಟಿಗೆ ಇಟ್ಟುಕೊಂಡು ನಿಂತಿದ್ದರಂತೆ. ಆ ದಿನದ ಬಸ್ಸೂ ರದ್ದಾಗಿತ್ತು. ಪ್ರಸನ್ನ ಕಾರು ನಿಲ್ಲಿಸಿ, ಬಸ್ಸಿಲ್ಲ, ಮಗುವನ್ನು ಮನೆ ಸೇರಿಸಿ ಬಂದು ನಾನೇ ಬಿಡುತ್ತೇನೆ ಎಂದನಂತೆ. ಮುದುಕ ಮಗುವನ್ನು ಬಗ್ಗಿ ನೋಡಿ, ನಕ್ಕು, ಹೆಂಡತಿಗೂ ತೋರಿಸಿದ. ಆಮೇಲೆ ಪೆಟ್ಟಿಗೆಯನ್ನು ನೆರಳಿಗೆ ಸರಿಸಿಕೊಂಡ.

"ಏನಂದ್ರು?" ಎಂದೆ.

"ಬೇಡ ಅಂದ್ರಮ್ಮ" ಎಂದಳು ಶೋಭ. "ಬರುತ್ತೆ ಅಂದ್ರು."