ಬೇರೆ ಒಲೆಯ ಗಂಜಿ

ನಮ್ಮ ಮನೆಯಲ್ಲಿ ಕಾಲೇಜು ಮುಗಿಸಿದವಳು ನಾನೇ ಮೊದಲು. ಚೆಂಡಿಯಾ ಊರಿನ ನಮ್ಮ ಗದ್ದೆ ನೌಕಾನೆಲೆಗೆ ಹೋಯಿತು. ಅಂಕೋಲೆಯ ಹತ್ತಿರ ಹೊಸ ಮನೆ ಕಟ್ಟಿಕೊಂಡ ಮೇಲೆ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಕಾರವಾರಕ್ಕೆ ಹೋಗಿ ಬಿ.ಎ. ಮಾಡಿದೆ. ಇದನ್ನು ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಮನೆಗೆ ಬರುವ ಹಿಂದಿ, ಇಂಗ್ಲಿಷ್ ಫೋನೆಲ್ಲ ನನ್ನ ಪಾಲಿಗೇ.

ತಮ್ಮ ಸೈನ್ಯದಲ್ಲಿದ್ದಾನೆ. ಆಗ ಉತ್ತರದ ಹಿಮದ ಗಡಿಯಲ್ಲಿದ್ದ. ಆ ಭಾನುವಾರ ಬೆಳಿಗ್ಗೆ ನಮ್ಮ ಅಮ್ಮ, ಆಯಿ, ಅಂಗಳದಲ್ಲಿ ಮುರುಗಲು ಹಣ್ಣು ಸೀಳಿ ಸಿಪ್ಪೆ ಒಣಹಾಕುತ್ತಿದ್ದಳು. ಮೊಣಕೈವರೆಗೂ ಕೆಂಪು. ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಸ್ಪೀಕರಿಗೆ ಹಾಕದಿದ್ದರೆ ಆಯಿ ಬಿಡುವವಳಲ್ಲ, ಹಾಕಿದೆ.

"ಪಂಡಿತ್‌ಜಿ ಬೋಲ್ ರಹಾ ಹೂಂ."

ರಜೆಗೆ ಬಂದಾಗಲೆಲ್ಲ ತಮ್ಮ ಈ ಪಂಡಿತ್‌ಜಿಯ ಸುದ್ದಿ ಹೇಳಿ ನಗಿಸುತ್ತಿದ್ದ. ಪಲ್ಟನ್ನಿನ ಧರ್ಮಗುರು ಅವರು. ಸಮವಸ್ತ್ರವನ್ನೂ ಹಾಕುತ್ತಾರೆ, ಗಂಟೆಯನ್ನೂ ಬಾರಿಸುತ್ತಾರೆ. ಊಟದ ಸೀಟಿ ಕೇಳಿದರೆ ಸತ್ಯನಾರಾಯಣ ಕತೆ ಅರ್ಧಕ್ಕೇ ಮುಗಿಯುತ್ತದಂತೆ. ಅವರ ಇನ್ನೊಂದು ಕೆಲಸವನ್ನು ಅವನು ನನಗೊಬ್ಬಳಿಗೇ ಹೇಳಿದ್ದ. ಯಾರಾದರೂ ಸತ್ತರೆ ಮನೆಯವರ ಜೊತೆ ಮಾತಾಡುವವರೂ ಅವರೇ.

ಗಾಳಿಯ ಸದ್ದಿನ ನಡುವೆ ಮಾತು ತುಂಡು ತುಂಡಾಗಿ ಬಂತು. "ಆಪ್‌ಕಾ ಭಾಯಿ... ಬಿಲ್ಕುಲ್ ಶಾಂತ್ ಹೋ ಗಯಾ..." ಅಷ್ಟರಲ್ಲಿ ಲೈನು ಕಟ್ಟಾಯಿತು.

"ಎಂತ ಹೇಳ್ದಾ ಅಂವ? ಹೋಗ್ಯಾ ಅಂದ್ನಾ? ಯಾರು ಹೋದ್ರು ತಂಗೀ?" ಮಗಳಾದ ನನ್ನನ್ನು ಆಯಿ ತಂಗಿ ಎಂದೇ ಕರೆಯುವುದು, ಮಗನನ್ನು ತಮಾ ಎಂದು.

ಹಿಂದಿಯ 'ಹೋ ಗಯಾ' ಎಂದರೆ ಬರೀ 'ಆಯಿತು'. ಆಯಿಯ ಕಿವಿಗೆ ಅದು ನಮ್ಮ 'ಹೋದ'. ಅವಳಿಗೆ ಬಿಡಿಸಿ ಹೇಳಬಹುದಿತ್ತು. ಆದರೆ ನನ್ನನ್ನು ಹೆದರಿಸಿದ್ದು ಅದಕ್ಕೂ ಮೊದಲು ಬಂದ 'ಶಾಂತ್'. ಅದರ ಅರ್ಥ ಸುಮ್ಮನಾಗುವುದು. ಸತ್ತವರನ್ನೂ ಅವರ ಕಡೆ 'ಶಾಂತ್' ಆದರು ಎನ್ನುವುದುಂಟು ಎಂದು ಎಲ್ಲೋ ಓದಿದ್ದೆ. ಆಯಿಗೆ ಒಂದು ಹೆದರಿಕೆಯಾದರೆ ಓದಿದ ನನಗೆ ಎರಡು.

ತಿರುಗಿ ಹಚ್ಚಿದೆ, ಹತ್ತಲಿಲ್ಲ. ಮತ್ತೆ ಹಚ್ಚಿದೆ.

"ಭಟ್ರು ಕರೀದೆ ಬರೂದು ಒಂದಕ್ಕೇಯಾ," ಎಂದಳು ಆಯಿ. ಕೆಂಪು ಕೈ ಸೀರೆಗೆ ಒರೆಸುತ್ತಲೇ ಇದ್ದಳು. ನೋಡಲಾಗದೆ ಬೇರೆ ಕಡೆ ತಿರುಗಿದೆ.

ಫೋನು ಮತ್ತೆ ಬಂದಾಗ ನಮಸ್ಕಾರವನ್ನೂ ಹೇಳದೆ ಕೇಳಿದೆ, "ಜಿಂದಾ ಹೈ?"

"ಅರೇ ಬೇಟಿ, ಜಿಂದಾ ಹೈ, ಜಿಂದಾ ಹೈ!"

"ಇದ್ದಾ, ಆಯೀ. ಇದ್ದಾ."

ಆಯಿ ಮುರುಗಲು ಸಿಪ್ಪೆಯ ಮೇಲೇ ಕೂತುಬಿಟ್ಟಳು.

ಪಂಡಿತ್‌ಜಿ ನಿಧಾನವಾಗಿ ಹೇಳಿದರು. ತಮ್ಮನ ಗೆಳೆಯ ಹಿಮದಲ್ಲಿ ಜಾರಿ ಸತ್ತಿದ್ದ. ಅವನನ್ನು ಹೆಗಲ ಮೇಲೆ ಹೊತ್ತು ಕೆಳಗೆ ತಂದವನು ತಮ್ಮ. ಹೆಣದ ಜೊತೆ ಆ ಹುಡುಗನ ಊರಿಗೆ ಹೋಗಿ, ಅವನ ತಾಯಿಯ ಎದುರು ಕೂತು ಬಂದವರು ಪಂಡಿತ್‌ಜಿ. ತಿರುಗಿ ಬಂದು ನೋಡಿದರೆ ತಮ್ಮ ಮಾತು ಬಿಟ್ಟಿದ್ದಾನೆ, ಊಟ ಬಿಟ್ಟಿದ್ದಾನೆ. "ಗೀತೆ ಓದಿದೆ, ಬೈದೆ, ಕಾಲು ಒತ್ತಿದೆ. ನನಗೆ ಭಯವಾಗುತ್ತಿದೆ, ಬೇಟಿ." ಆಮೇಲೆ ದನಿ ತಗ್ಗಿಸಿ, "ಅವನ ರೈಫಲ್ಲು ತೆಗೆದಿಟ್ಟಿದ್ದೇವೆ," ಎಂದರು.

ಏಕೆಂದು ನನಗೆ ತಿಳಿಯಿತು.

"ರೈಫಲ್ಲು ಅಂದ್ರಲೆ, ಎಂತದು?" ಆಯಿಗೆ ಆ ಒಂದು ಶಬ್ದ ಗೊತ್ತಿತ್ತು.

"ಕ್ಲೀನ್ ಮಾಡೂಕೆ ಕೊಟ್ಟಿದ್ದಂತೆ."

ಉಳಿದದ್ದನ್ನು ಇದ್ದಹಾಗೇ ಹೇಳಿದೆ. ಆಯಿ ಎದ್ದು ನಿಂತಳು. "ಉಣ್ಣೂದಿಲ್ಲ ಅಂದ್ರೆ? ಗಂಜಿ ತಂದ್ಕೊಟ್ಟವ್ರು ಯಾರು? ಉಣ್ಣು ಅಂದವ್ರು ಯಾರು?"

ನಮ್ಮಲ್ಲಿ ಸಾವಾದ ಮನೆಯ ಒಲೆ ಉರಿಯುವುದಿಲ್ಲ. ನೆರೆಯವರು ಗಂಜಿ ಕಾಸಿ ತಂದು, ಹೆಣ ಹೊತ್ತವನನ್ನು ಕೈ ಹಿಡಿದು ಕೂರಿಸಿ, 'ಉಣ್ಣು' ಅನ್ನಬೇಕು. ತಾನಾಗಿ ಅವನು ಬಟ್ಟಲಿಗೆ ಕೈ ಹಾಕುವುದಿಲ್ಲ. ತಮ್ಮ ಕಾಯುತ್ತಿರುವುದು ಅದಕ್ಕೇ ಎಂದು ಆಯಿಗೆ ಖಾತ್ರಿ. ನನಗೆ ಅಷ್ಟು ಖಾತ್ರಿ ಇರಲಿಲ್ಲ. ಆದರೆ ಬೇರೆ ಏನೂ ಹೊಳೆಯಲಿಲ್ಲ.

"ಪಂಡಿತ್‌ಜಿ, ಉಸ್‌ಕೋ ಗಂಜಿ ದೀಜಿಯೇ."

"ಗಂಜಿ? ಪೆಟ್ಟಿಗೆ ತುಂಬ ಇದೆಯಲ್ಲ ಅವನ ಹತ್ತಿರ! ಈ ಚಳಿಗೆ ಗಂಜಿ ಏನು ಸಾಕಾಗುತ್ತದೆ, ಸ್ವೆಟರು ಬೇಕು."

ಅವರ ಊರಲ್ಲಿ ಗಂಜಿ ಎಂದರೆ ಬನಿಯನ್ನು. ಅಂಥ ಹೊತ್ತಿನಲ್ಲೂ ನನಗೆ ನಗು ಉಕ್ಕಿತು.

"ಎಂತಾ ಹಲ್ಲು ಕಿಸಿತೆ?"

"ಭಟ್ರು ತಮ್ಮಂಗೆ ಬನಿಯನ್ ಕುಡಸ್ತ್ರಂತೆ."

"ಎಂತಾದ್ರೂ ಕುಡಸ್ಲಿ. ಮೆಸ್ಸಿಂದು ಬೇಡ ಹೇಳು. ಅದು ಅವ್ನ ಮನೆ ಒಲೆನೇ ಆಯ್ತಲ್ಲ. ಬೇರೆ ಒಲೆದು ಬೇಕು."

ಅಕ್ಕಿ, ನೀರು ಎಂದು ಬಿಡಿಸಿ ಹೇಳಿದೆ. ಪಂಡಿತ್‌ಜಿ ನಗಲಿಲ್ಲ. ಮಂದಿರದಲ್ಲಿ ಪ್ರಸಾದ ಮಾಡುವ ಸ್ಟೋವು ಇದೆ, ತಾನೇ ಕಾಸುತ್ತೇನೆ ಎಂದರು. ಏನು ಹೇಳಿ ಕರೆಯಬೇಕು ಎಂದೂ ಕೇಳಿದರು. ಆಯಿ ಫೋನು ಕಸಿದುಕೊಂಡು ಕೂಗಿದಳು, "ಉಣ್ಣು ತಮಾ!"

"ಉನ್ನೂ ತಮಾ."

"ಉನ್ನೂ ಅಲ್ಲ ಭಟ್ರೇ. ಣ್ಣು! ಣ್ಣು!"

ಸರಿಯಾಗುವವರೆಗೂ ಆಯಿ ಬಿಡಲಿಲ್ಲ.

ಆಮೇಲೆ ಫೋನು ಸುಮ್ಮನಾಯಿತು. ಬಿಸಿಲು ಅಂಗಳ ದಾಟಿತು. ಮುರುಗಲಿಗೆ ಕಾಗೆ ಬಂದರೂ ಯಾರೂ ಓಡಿಸಲಿಲ್ಲ. ರೈಫಲ್ಲು ತೆಗೆದಿಟ್ಟರೆ ಆಯಿತೇ? ಅಲ್ಲಿ ಹಗ್ಗವಿಲ್ಲವೇ, ಕಮರಿಯಿಲ್ಲವೇ? ಹೆದ್ದಾರಿಯಲ್ಲಿ ಲಾರಿ ಹಾರ್ನ್ ಹೊಡೆದರೂ ಬೆಚ್ಚುತ್ತಿದ್ದೆ. ಆಯಿಯ ಮುಖ ನೋಡಲಿಲ್ಲ. ನೋಡಿದರೆ ನನ್ನ ಸುಳ್ಳು ಅವಳಿಗೆ ಗೊತ್ತಾಗುತ್ತಿತ್ತು.

ಬಿಸಿಲಿಳಿಯುವ ಹೊತ್ತಿಗೆ ಫೋನು ಬಂತು. ಮೊದಲು ಉಸಿರಾಟ ಮಾತ್ರ ಕೇಳಿತು.

"ಆಯೀ, ಭಟ್ರು ಉಪ್ಪೇ ಹಾಕ್ಲಿಲ್ಲಾ."

"ಇಲ್ಲಾಗಿದ್ರೆ ಕೇಳ್ಬೇಕಪ್ಪಾ. ನಿಂಗೆ ಬಾಯಿಲ್ವಾ?"

"ಈಗ ಕೇಳ್ದೆ," ಎಂದವನು ಅಳಲು ಶುರುಮಾಡಿದ. ಅಳಬೇಡ ಎಂದು ಆಯಿ ಹೇಳಲಿಲ್ಲ. ಅವನ ಅಳು ಮುಗಿಯುವವರೆಗೂ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡಿದ್ದಳು.

ಕೊನೆಗೆ ನಾನು ಪಂಡಿತ್‌ಜಿಯನ್ನು ಬೇಡಿಕೊಂಡೆ. ಇನ್ನು ಮುಂದೆ ಮೊದಲು 'ಠೀಕ್ ಹೈ' ಎಂದು ಮೆಸೇಜು ಹಾಕಿ, ಆಮೇಲೆ ಫೋನು ಮಾಡಿ ಎಂದೆ. ಆಯಿತು ಎಂದರು ಅವರು. "ಎಲ್ಲ ಮನೆಯಲ್ಲೂ ಹೀಗೇ, ಬೇಟಿ. ನನ್ನ ದನಿ ಕೇಳಿದರೆ ಸಾಕು, ಹೆಂಗಸರು ಅಳುತ್ತಾರೆ. ಮಗನಿಗೆ ಬಡ್ತಿ ಸಿಕ್ಕಿತು ಎಂದು ಹೇಳಲು ಮಾಡಿದರೂ."

ಅಂದಿನಿಂದ ಮೊದಲು ಮೆಸೇಜೇ ಬರುತ್ತದೆ. ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ಕಾರವಾರದ ಕೋಡಿಬಾಗದಲ್ಲಿ ನಾನು ಕೆಲಸ ಮಾಡುವ ಕಚೇರಿಗೆ ಹೋಗುವ ಬಸ್ಸಿನಲ್ಲಿದ್ದಾಗ ಬಂತು. ಠೀಕ್ ಹೈ, ಇವತ್ತು ರೈಫಲ್ಲು ತಿರುಗಿ ಕೊಟ್ಟೆವು. ಸಂತೋಷಪಡಬೇಕಾದ ಸುದ್ದಿ. ನನ್ನ ಸ್ಟಾಪು ಬಂತು. ಕಂಡಕ್ಟರು ಎರಡು ಸಲ ಕೂಗಿದ. ನಾನು ಇಳಿಯದೆ, ರಾತ್ರಿ ಅವನ ಪಕ್ಕ ಯಾರು ಮಲಗುತ್ತಾರೆ ಎಂದು ಪಂಡಿತ್‌ಜಿಗೆ ಬರೆಯುತ್ತಿದ್ದೆ.