ಚಿಗವ್ವನ ಉಗುರಿನ ಪೊಟ್ಟಣ

ಚಿಗವ್ವನ ಬಲಗೈ ಉಗುರುಗಳು ಹಳದಿಯಾಗಿ, ದಪ್ಪಗಾಗಿ, ಅಂಚಿನಲ್ಲಿ ಹಳೆಯ ಸುಣ್ಣದಂತೆ ಪುಡಿಪುಡಿಯಾಗಿ ಉದುರುತ್ತಿದ್ದವು. ಬೈಲಹೊಂಗಲದಲ್ಲಿ ಅವಳದೊಂದು ಸಣ್ಣ ಖಾನಾವಳಿ. ದಿನವಿಡೀ ಕೈ ನೀರಿನಲ್ಲಿ, ಇಲ್ಲವೇ ಜೋಳದ ಹಿಟ್ಟಿನಲ್ಲಿ. ಅವಳು ನನ್ನ ಅವ್ವನ ತಂಗಿ. ಅವ್ವ ತೀರಿದ ಮೇಲೆ ನನ್ನನ್ನು ಸಾಕಿ, ರೊಟ್ಟಿ ಬಡಿದೇ ಬೆಳಗಾವಿಯ ಕಾಲೇಜಿಗೆ ಹಚ್ಚಿದವಳು.

‘ಉಣ್ಣೋರ ಕಣ್ಣು ನೀಡೋರ ಕೈ ಮ್ಯಾಲ ಇರತಾವ’ ಎನ್ನುವುದು ಅವಳ ಮಾತು. ಬೇರೆ ಖಾನಾವಳಿಯವರನ್ನು ಆಡಿಕೊಳ್ಳಲು ಇಟ್ಟುಕೊಂಡಿದ್ದ ಆ ಮಾತು ಈಗ ಅವಳಿಗೇ ತಿರುಗಿತ್ತು. ರೊಟ್ಟಿ ನೀಡುವಾಗ ಬೆರಳು ಮಡಚುವಳು. ಕೆಲಸವಿಲ್ಲದಾಗ ಕೈ ಸೆರಗಿನೊಳಗೆ. ಯಾರಾದರೂ ಕಂಡರೆ ಖಾನಾವಳಿ ಮುಚ್ಚಿದಂತೆಯೇ ಎಂಬ ಹೆದರಿಕೆ. ಅದು ಸುಳ್ಳೇನಲ್ಲ. ಸಾರಿನಲ್ಲಿ ಕೂದಲು ಸಿಕ್ಕರೆ ಓಣಿಯೆಲ್ಲ ಡಂಗುರ ಸಾರುವ ಮಂದಿ ನಾವು.

ಕಡೆಗೆ ದವಾಖಾನೆಗೆ ಹೊರಟಳು. ಪರರ ಮುಂದೆ ಹೊಲಸು ಕೈ ಚಾಚುವುದು ಹೇಗೆ? ಉಗುರನ್ನು ಬುಡದ ತನಕ ಕತ್ತರಿಸಿ, ಮೇಲೆ ಮೆಹಂದಿ ಬಳಿದುಕೊಂಡು, ಮದುವೆಗೆ ಹೋಗುವವಳಂತೆ ಹೋದಳು.

‘ಅಕ್ಕಾರ, ತಪಾಸಣಿಗೆ ಕಳಸಾಕ ಏನ್ ಉಳಿಸೀರಿ?’ ಎಂದರು ಡಾಕ್ಟರು. ‘ಉಗುರು ಬೆಳಸ್ಕೊಂಡು ಬರ್ರಿ. ಏನೂ ಹಚ್ಚಬ್ಯಾಡ್ರಿ.’

ಯಾವ ರೋಗವೆಂದು ಲ್ಯಾಬಿನಲ್ಲಿ ಖಾತ್ರಿಯಾಗದೆ ತಿಂಗಳುಗಟ್ಟಲೆ ನುಂಗುವ ಗುಳಿಗೆ ಕೊಡಲು ಅವರು ಒಪ್ಪಲಿಲ್ಲ. ಉಗುರು ಬೆಳೆಯುವ ತನಕ ಚಿಗವ್ವ ನೀಡುವ ಕೆಲಸವನ್ನು ಬೇರೊಬ್ಬಳಿಗೆ ವಹಿಸಿ, ಬಾಗಿಲಿಗೆ ಬೆನ್ನು ಮಾಡಿ ಒಲೆಯ ಮುಂದೆ ಕೂತಳು. ಗಿರಾಕಿಗಳು ಮಾತಾಡಿಸಿದರೂ ತಿರುಗುತ್ತಿರಲಿಲ್ಲ.

ಉಗುರು ಬೆಳೆದವು. ಡಾಕ್ಟರು ಅವುಗಳ ಚೂರು, ಪುಡಿ ಎಲ್ಲವನ್ನೂ ಬಿಳಿ ಕಾಗದದಲ್ಲಿ ಮಡಚಿ, ಹಸಿ ಮಾಡಬೇಡ ಎಂದು ಹೇಳಿ ನನ್ನ ಕೈಗೆ ಕೊಟ್ಟರು. ಬೆಳಗಾವಿಯ ಲ್ಯಾಬಿಗೆ ಮುಟ್ಟಿಸಬೇಕಿತ್ತು. ಎಲ್ಲಮ್ಮನ ಗುಡ್ಡವಿರುವ ಸವದತ್ತಿಯಿಂದ ಬಂದ ಬಸ್ಸು ಹತ್ತಿದೆ. ನೇಸರಗಿಯಲ್ಲಿ ಒಬ್ಬ ಮುದುಕಿ ಹತ್ತಿ ಪಕ್ಕದಲ್ಲಿ ಕೂತಳು. ನನ್ನ ಕೈಯ ಪೊಟ್ಟಣ ನೋಡಿದಳು.

‘ಗುಡ್ಡಕ್ಕ ಹೋಗಿದ್ದೇನವಾ?’

ಪೊಟ್ಟಣದಲ್ಲಿರುವುದು ಎಲ್ಲಮ್ಮನ ಭಂಡಾರ, ಗುಡಿಯ ಅರಿಶಿನ ಎಂದೇ ತಿಳಿದಳು. ನಾನು ಬಾಯಿ ತೆರೆಯುವುದರೊಳಗೆ ನನ್ನ ಕೈಯನ್ನೇ ಎಳೆದು ಪೊಟ್ಟಣವನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ‘ಚೂರು ಕೊಡವಾ. ಮೊಮ್ಮಗನ ಹಣಿಗೆ ಹಚ್ಚತೇನಿ.’

‘ಇದು ಮುಡಿಪಿನದು, ಆಯಿ. ಬಿಚ್ಚಬಾರದು’ ಎಂದೆ.

ಬೆಳಗಾವಿ ಬರುವ ತನಕ ಆ ಮುದುಕಿ ಪೊಟ್ಟಣಕ್ಕೆ ತನ್ನ ಕಾಲು ತಾಗದಂತೆ ಮುದುಡಿಕೊಂಡು ಕೂತಿದ್ದಳು. ನನ್ನ ಮುಖ ಸುಡುತ್ತಿತ್ತು. ದೇವಿಯ ಹೆಸರಿನಲ್ಲಿ ಸುಳ್ಳಾಡಿದ್ದಕ್ಕಲ್ಲ. ‘ಇದು ನಮ್ಮ ಚಿಗವ್ವನ ಉಗುರು’ ಎಂದು ತುಂಬಿದ ಬಸ್ಸಿನಲ್ಲಿ ಹೇಳಲು ನಾಚಿಕೆಯಾಯಿತಲ್ಲ, ಅದಕ್ಕೆ. ನನ್ನ ಚೀಲದಲ್ಲಿ ಅವಳೇ ಕಟ್ಟಿಕೊಟ್ಟ ರೊಟ್ಟಿಯಿತ್ತು.

ಊರಿಗೆ ಬಂದಾಗ, ನಗಲಿ ಎಂದು ಚಿಗವ್ವನಿಗೆ ಈ ಕತೆ ಹೇಳಿದೆ. ಅವಳು ನಗಲಿಲ್ಲ. ಸೆರಗಿನೊಳಗಿನ ಕೈ ಹೊರತೆಗೆದು ತಿರುಗಿಸಿ ನೋಡಿಕೊಂಡಳು.

‘ಕಣ್ಣಿಗೆ ಒತ್ತಿಕೊಂಡಳಾ? ಇದನ್ನ?’ ಎಂದಳು. ‘ಇದು ಸುರು ಆದಾಗಿಂದ, ಡಾಕ್ಟರ್ ಬಿಟ್ರ, ಈ ಕೈ ಯಾರೂ ಮುಟ್ಟಿಲ್ಲ ನೋಡು.’

ಕೈ ನನ್ನ ಮುಂದೆಯೇ ಇತ್ತು. ನಾನು ಬಟ್ಟೆ ಮಡಚುತ್ತಾ ಕೂತೆ.

ಕೆಲವು ವಾರಗಳ ಮೇಲೆ ಲ್ಯಾಬಿನಿಂದ ವರದಿ ಬಂತು. ಗಾಜಿನ ತಟ್ಟೆಯಲ್ಲಿ ಬೆಳೆಸಿ ನೋಡಿದ್ದರಂತೆ, ಬೂಷ್ಟು. ‘ತಂಗಳ ರೊಟ್ಟಿಗಿ ಬರೂದು ರೊಟ್ಟಿ ಮಾಡಾಕಿಗೂ ಬಂತು’ ಎಂದು ಚಿಗವ್ವ ಬಹಳ ದಿನಗಳ ಮೇಲೆ ನಕ್ಕಳು. ಗುಳಿಗೆ ಕೆಲಸ ಮಾಡಿತು. ಬುಡದಿಂದ ಹೊಸ ಉಗುರು ಮೆಲ್ಲಗೆ ಏರಿತು, ಅವಳು ಮತ್ತೆ ಬಾಗಿಲಿಗೆ ಮುಖ ಮಾಡಿ ಕೂತಳು, ಬೆರಳು ಬಿಚ್ಚಿ ರೊಟ್ಟಿ ನೀಡಿದಳು. ಆಮೇಲೂ ನನಗೆ ನೀಡುವಾಗ ಮಾತ್ರ ಬೆರಳು ಮಡಚುತ್ತಿದ್ದಳು. ರೂಢಿ ಇರಬೇಕು ಎಂದುಕೊಂಡೆ.

ಅವಳು ತೀರಿದ ದಿನ, ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದ್ದರು. ಕೈಗಳು ತೊಡೆಯ ಮೇಲೆ ತೆರೆದೇ ಇದ್ದವು. ಎರಡನ್ನೂ ಎತ್ತಿ ಕಣ್ಣಿಗೆ ಒತ್ತಿಕೊಂಡೆ. ಸೇರಿದವರು ಅಕ್ಕರೆ ಎಂದುಕೊಂಡರು. ಗೊತ್ತಿಲ್ಲದ ಮುದುಕಿಯೊಬ್ಬಳು ಬಸ್ಸಿನಲ್ಲಿ ಮಾಡಿದ್ದನ್ನು, ಆ ಕೈಯ ಅನ್ನ ಉಂಡ ನಾನು, ಆ ಕೈ ಬೆಚ್ಚಗಿದ್ದಾಗ ಮಾಡಲಿಲ್ಲ.